ಹಸಿರು ಎಳೆ

"ಮತ್ತ ಕಾವೇರಿ ಸೀರಿನ ಒತ್ತಿದರು ನೋಡ!" ಅನ್ನವ್ವ ತನ್ನಷ್ಟಕ್ಕೆ ಹಲ್ಲು ಕಡಿದಳು. ಬನಹಟ್ಟಿಯ ನೇಕಾರಿಕೆ ಪ್ರದರ್ಶನದಲ್ಲಿ ಗೋಡೆಯಗಲದ ಪರದೆಯ ತುಂಬ ಊರವರು ಕೊಟ್ಟ ಹಳೆಯ ಸೀರೆಗಳ ಪುಟ್ಟ ಪುಟ್ಟ ಚಿತ್ರಗಳಿದ್ದವು, ಬೆರಳಿಟ್ಟದ್ದು ದೊಡ್ಡದಾಗುತ್ತಿತ್ತು. ಬಂದವರೆಲ್ಲ ಬೆರಳಿಡುತ್ತಿದ್ದದ್ದು ಅವಳ ನೆಗೆಣ್ಣಿ ಕಾವೇರಿಯ ಸೀರೆಯ ಮೇಲೆ. ಒಂದೇ ಹಂದರದಲ್ಲಿ ಮದುವೆಯಾದ ಇಬ್ಬರು ಸೊಸೆಯರಿಗೂ ಅತ್ತೆ ತಾನೇ ನೇಯ್ದು ಒಂದೊಂದು ಕೊಟ್ಟಿದ್ದಳು. ಕಾವೇರಿಯದು ಇನ್ನೂ ಕೆಂಡದಂತೆ ಕೆಂಪಗಿತ್ತು; ಅನ್ನವ್ವನದು ಬಣ್ಣಗೆಟ್ಟು ಮೂಲೆಯಲ್ಲಿತ್ತು. ಛಲೋದು ಸಣ್ಣ ಸೊಸೆಗೆ ಹೋಯಿತೆಂಬ ಉರಿ ಅವಳ ಹೊಟ್ಟೆಯಲ್ಲಿ ಇಂದಿಗೂ ಆರಿರಲಿಲ್ಲ.

ಸಿಟ್ಟಿನಿಂದ ತನ್ನ ಸೀರೆಯ ಮೇಲೇ ಬೆರಳು ಒತ್ತಿದಳು. "ಇಂಥಾವು ಮತ್ತ ಯಾವು ಅದಾವ ನೋಡೂಣ್ರಿ," ಎಂದು ಪರದೆ ನೋಡಿಕೊಳ್ಳುವ ಸಂಧ್ಯಾ ಇನ್ನೊಂದು ಗುಂಡಿ ಮುಟ್ಟಿದಳು. ಉಳಿದವೆಲ್ಲ ಸರಿದು, ಕಾವೇರಿಯ ಸೀರೆಯೊಂದೇ ಬಂದು ಪಕ್ಕದಲ್ಲಿ ನಿಂತಿತು. ಎರಡರ ಅಂಚಿನಲ್ಲೂ ಒಂದೇ ಕಡೆ ಒಂದು ಹಸಿರು ಎಳೆ ಉದ್ದಕ್ಕೂ ಓಡಿತ್ತು. ಮಗ್ಗದಲ್ಲಿ ಹರಿದ ಎಳೆಗೆ ಅತ್ತೆ ಕೈಗೆ ಸಿಕ್ಕ ನೂಲನ್ನೇ ಗಂಟು ಹಾಕಿದ್ದಳು.

"ಎರಡೂ ಒಂದ ಹಾಸಿನಾಗ, ಒಂದರ ಬೆನ್ನಿಗೆ ಒಂದು ನೇಯ್ದಾಳ ಅಕ್ಕಾ!" ಹಿಂದೆ ನಿಂತಿದ್ದ ಕಾವೇರಿ ನಕ್ಕಳು. "ನೀ ಉಟ್ಟು ಒಗದಿ, ನಾ ಟ್ರಂಕಿನಾಗ ಇಟ್ಟೆ. ಅಷ್ಟ ಫರಕ."

ಅನ್ನವ್ವನ ಹೊಟ್ಟೆ ತಣ್ಣಗಾಯಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು.

"ಖರೆ. ಆದ್ರ ಮಗ್ಗದಿಂದ ಮೊದಲ ಕೊಯ್ದಿದ್ದು ಯಾರ ಸೀರಿ?"

ಕಾವೇರಿಯ ನಗು ನಿಂತಿತು. ಅವಳೂ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.