ಮಂಡಿನೋವಿಗೆ ಮದ್ದು

‘ಪ್ರಕಟಿಸು’ ಗುಂಡಿಯ ಮೇಲೆ ಬೆರಳಿಟ್ಟು, ಬಟ್ಟೆ ಅಂಗಡಿಯ ಕೆಲಸಗಾರ್ತಿಯರ ಬ್ಲಾಗಿನ ಸಂಪಾದಕಿ ಕೌಂಟರಿನ ಹಿಂದೆ ಒಂಟಿಕಾಲಲ್ಲಿ ನಿಂತಿದ್ದಳು. ಕೂರಲು ಕುರ್ಚಿಯಿಲ್ಲದ ಕೆಲಸದಲ್ಲಿ ಇನ್ನೊಂದು ಕಾಲಿಗೆ ಸಿಗುವ ರಜೆ ಅಷ್ಟೇ.

ಓದುಗರು ಎರಡು ಪಾಲಾಗಿದ್ದರು. ಅರ್ಧ ಜನಕ್ಕೆ ಮಾಲೀಕರನ್ನು ಕುರ್ಚಿ ಕೇಳುವ ಕೆಚ್ಚಿನ ಲೇಖನವೇ ಬೇಕು. ಉಳಿದವರ ಪರವಾಗಿ ಕಿಟಕಿ ಪರದೆ ವಿಭಾಗದ ದೊಡ್ಡಕ್ಕ ಗುಡುಗಿದ್ದಳು: “ಹೋರಾಟ ಗೀರಾಟ ಸಾಕು ಕಣೇ! ದಿನಕ್ಕೆ ಹತ್ತು ಗಂಟೆ ನಿಂತು ಮಂಡಿ ಹಿಡ್ಕೊಂಡಿದೆ. ಅದಕ್ಕೊಂದು ಮದ್ದು ಹಾಕು, ಇಲ್ಲಾಂದ್ರೆ ನಾವು ಓದೋದೇ ಬಿಡ್ತೀವಿ.”

ಸಂಪಾದಕಿ ಬರೆದದ್ದನ್ನೆಲ್ಲ ಅಳಿಸಿದಳು. ‘ಮಂಡಿನೋವಿಗೆ ಮದ್ದು’ ಎಂದು ತಲೆಬರಹ ಕೊಟ್ಟು, ಒಂದೇ ಸಾಲು ಸೇರಿಸಿ ಗುಂಡಿ ಒತ್ತಿದಳು: “ನಾಳೆ ಎಲ್ಲರೂ ಮನೆಯಿಂದ ಒಂದೊಂದು ಸ್ಟೂಲು ತನ್ನಿ, ಬಾಗಿಲು ತೆರೆದ ಕೂಡಲೇ ಕೂತುಬಿಡೋಣ.”

ಮೊದಲ ಪ್ರತಿಕ್ರಿಯೆ ದೊಡ್ಡಕ್ಕನದೇ: “ಮದ್ದು ಅಂದ್ರೆ ಇದು! ನಮ್ಮನೇಲಿ ಬೆಂಚಿದೆ, ತರ್ಲಾ? ಮೂರು ಜನ ಕೂರಬಹುದು.”