ಮ.ಸಾ.ಅ. ಪಂಚಾಯ್ತಿ

"ಕಾಪಿ ಹೊಡೆದು ಸಿಕ್ಕಿಬಿದ್ದೋಳಿಗೆ ಬಾಯಿ ಬೇರೆ!" ಎನ್ನುತ್ತಾ ಆವಲಪ್ಪ ಮೇಷ್ಟ್ರು ಉತ್ತರಪತ್ರಿಕೆಯನ್ನು ಅಶ್ವತ್ಥಮ್ಮನ ಮುಂದೆ ಎಸೆದರು. ಮ.ಸಾ.ಅ., ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಕಂಡುಹಿಡಿಯುವ ಲೆಕ್ಕದ ಪಕ್ಕದಲ್ಲಿ ಕೆಂಪು ಸೊನ್ನೆ. ಅವಳ ಚಿಕ್ಕಪ್ಪನ ಮಗ ಎರ್ರಪ್ಪನದೂ ಅದೇ ಉತ್ತರ. ಅವನಿಗೆ ಮಾತ್ರ ಹತ್ತಕ್ಕೆ ಹತ್ತು!

ಅಶ್ವತ್ಥಮ್ಮನ ಮೈಯೆಲ್ಲ ಉರಿದುಹೋಯಿತು. ಒಟ್ಟು ಬಂದಿದ್ದು ನಲವತ್ತನಾಲ್ಕು. ಐವತ್ತು ಬಾರದಿದ್ದರೆ ಮುಂದಿನ ವರ್ಷ ಹೈಸ್ಕೂಲಿನ ಐದನೇ ಫಾರಂನಲ್ಲಿ ಗಣಿತ ತೆಗೆದುಕೊಳ್ಳುವ ಹಾಗಿಲ್ಲ. ಗಣಿತ ಬಿಟ್ಟು ಬೇರೇನೂ ಅವಳಿಗೆ ಬೇಕಿರಲಿಲ್ಲ.

"ಸಾರ್, ಹೆಣ್ಣುಮಕ್ಕಳ ಬೆಂಚು ಮುಂದಿರೋದು. ಅವನು ಕೂತಿದ್ದು ನನ್ನ ಹಿಂದೆ. ನಂಗೇನು ಬೆನ್ನಲ್ಲಿ ಕಣ್ಣಿದ್ಯಾ? ಬೇರೆ ಲೆಕ್ಕ ಕೊಡಿ, ಇಬ್ರೂ ಬೋರ್ಡ್ ಮೇಲೆ ಮಾಡ್ತೀವಿ."

ಹುಡುಗರು ಕಿಸಕ್ಕೆಂದರು. ಮೇಷ್ಟ್ರು x² − 9, x² − 7x + 12 ಎಂದು ಬರೆದು ಸೀಮೆಸುಣ್ಣವನ್ನು ಮೊದಲು ಎರ್ರಪ್ಪನ ಕೈಗೆ ಕೊಟ್ಟರು. ಆ ಮಹಾರಾಯ ಬೋರ್ಡನ್ನು ನೋಡಿದ, ಕಿಟಕಿಯನ್ನು ನೋಡಿದ, ಕೊನೆಗೆ ತನ್ನ ಕಾಲನ್ನೇ ನೋಡುತ್ತಾ ನಿಂತ. ಅಶ್ವತ್ಥಮ್ಮ ಸೀಮೆಸುಣ್ಣ ಕಿತ್ತುಕೊಂಡಳು. ಮೊದಲನೆಯದನ್ನು (x + 3)(x − 3) ಎಂದು, ಎರಡನೆಯದನ್ನು (x − 3)(x − 4) ಎಂದು ಬಿಡಿಸಿದಳು. ಎರಡರಲ್ಲೂ ಇದ್ದದ್ದಕ್ಕೆ ಗೆರೆ ಎಳೆದು, ಕೆಳಗೆ ದಪ್ಪಕ್ಷರದಲ್ಲಿ ಬರೆದಳು: ಮ.ಸಾ.ಅ. = x − 3.

ಇನ್ನೇನು ಬೇಕು ಸಾಕ್ಷಿ? ಆದರೆ ಆವಲಪ್ಪನವರು ಬರೀ ಮೇಷ್ಟ್ರಲ್ಲವಲ್ಲ, ಜಂಗಮಕೋಟೆ ಕಡೆ ಪಂಚಾಯ್ತಿ ಹೇಳುವ ದೊಡ್ಡ ಮನುಷ್ಯರು! ಯಾರ ಜಗಳ ಬಂದರೂ ಅರ್ಧರ್ಧ ಮಾಡಿ, ಇಬ್ಬರಿಗೂ ಎಲೆ ಅಡಿಕೆ ಕೊಟ್ಟು ಎಬ್ಬಿಸುವುದೇ ಅವರ ನ್ಯಾಯ. ಕದ್ದವನಿಗೂ ಅರ್ಧ, ಕಳೆದುಕೊಂಡವನಿಗೂ ಅರ್ಧ.

"ಆಯ್ತು ಬಿಡಮ್ಮ, ಒಂದೇ ಮನೆ ಮಕ್ಕಳು, ಜಗಳ ಯಾಕೆ? ಇಬ್ರಿಗೂ ಐದೈದು. ಮುಗೀತು."

ನಲವತ್ತೊಂಬತ್ತು! ಅಶ್ವತ್ಥಮ್ಮನಿಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು.

"ಇದೇನ್ ಹೊಲದ ಬದಾನಾ ಸಾರ್, ಮಧ್ಯಕ್ಕೆ ಕಲ್ಲು ನೆಡಕ್ಕೆ? ನಾನ್ ಮಾಡಿದ ಲೆಕ್ಕ ಇದು!"

"ಹೆಣ್ಣುಮಗು ಸ್ವಲ್ಪ ತಗ್ಗಿ ನಡೀಬೇಕು ಕಣಮ್ಮ. ಅರ್ಧ ಸಿಕ್ತಲ್ಲ, ಸಾಕು."

ಅವಳು ಮೇಜಿನ ಮೇಲಿದ್ದ ಬಟ್ಟೆ ತೆಗೆದುಕೊಂಡು, ಬೋರ್ಡಿನ ಮೇಲಿನ ಉತ್ತರದಲ್ಲಿ − 3 ಅನ್ನು ಮಾತ್ರ ನುಣ್ಣಗೆ ಒರೆಸಿದಳು. ಅಲ್ಲಿ x ಒಂದೇ ಉಳಿಯಿತು.

"ತಗೊಳ್ಳಿ ಸಾರ್, ಅರ್ಧ ಮಾಡಿದೀನಿ," ಎಂದು ಕೆಂಪು ಪೆನ್ಸಿಲನ್ನು ಅವರ ಕೈಗಿಟ್ಟಳು. "ಇದು ಸರಿ ಅಂತ ರೈಟ್ ಹಾಕಿ."