ಸೀಟಿನ ಕಾವಲು

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಸಪ್ನಾ ಇಳಿದುಬಿಟ್ಟಳು. ಘೋಡಗೇರಿ ಕ್ರಾಸಿನ ಬೇವಿನ ಮರದ ಕೆಳಗೆ ಯಾರೋ ಅವಳ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು ನಿಂತಿದ್ದರು.

“ಯಾರದು? ಕೈ ತಗೀರಿ!”

ತಿರುಗಿದವರು ಅಲ್ಲಪ್ಪ ಕಾಕಾ. ಹುಕ್ಕೇರಿಯ ಗೋದಾಮೊಂದರಲ್ಲಿ ಕಾವಲಿಗಿದ್ದ ಮುದುಕರು.

“ನಾನ ಅವ್ವಾ. ಮಣಕಾಲು ಹಿಡಕೊಂಡಿತ್ತು, ಆಸರಕ್ಕ ನಿಂತಿದ್ನಿ. ಅಂಜಬ್ಯಾಡ, ನಿನ್ನ ಸೀಟ ಎಲ್ಲೂ ಹೋಗಿಲ್ಲ.”

ಸಪ್ನಾ ನಗಲು ನೋಡಿದಳು. ಆಗಲಿಲ್ಲ.

ಸುತ್ತಲಿನ ತೋಟದ ಮನೆಗಳಿಂದ ಸೈಕಲ್ ತುಳಿದು ಬಂದು, ಮರದ ಕೆಳಗೆ ನಿಲ್ಲಿಸಿ, ಬಸ್ಸು ಹತ್ತಿ ಗೋಕಾಕಿಗೋ ಹುಕ್ಕೇರಿಗೋ ದುಡಿಯಲು ಹೋಗುವವರ ಜಾಗ ಅದು. ಅಲ್ಲಿ ಯಾರದೂ ಏನೂ ಕಳೆದಿದ್ದಿಲ್ಲ. ಹೋದ ತಿಂಗಳು ಶುರುವಾಯಿತು. ಮೊದಲು ಹೋದದ್ದು ಸಪ್ನಾಳ ಸೀಟು. ಮರುದಿನ ಅಲ್ಲಪ್ಪ ಕಾಕಾನದು. ಎಂಟು ದಿನ ಬಿಟ್ಟು, ಮರದ ಎದುರಿಗೇ ಚಹಾದಂಗಡಿ ಇಟ್ಟ ಓಂಕಾರನದು. ಸೈಕಲ್ಲು ಹಾಗೇ ಇರುತ್ತಿತ್ತು, ಬೀಗವೂ ಹಾಗೇ. ಸೀಟಿದ್ದಲ್ಲಿ ಬರೀ ಕಬ್ಬಿಣದ ಕೊಳವೆ.

ಸಪ್ನಾ ತಡಮಾಡದೆ ಬೇರೊಂದು ಸೀಟು ಕೂಡಿಸಿಕೊಂಡಳು. ಅಂದಿನಿಂದ ಅವಳ ನೆಮ್ಮದಿ ಹಾರಿಹೋಯಿತು.

ಗೋಕಾಕಿನ ಹೊಲಿಗೆ ಅಂಗಡಿಯಲ್ಲಿ ಅವಳ ಕೆಲಸ. ಅಲ್ಲಿ ಮಿಕ್ಕ ಕಪ್ಪು ರೆಕ್ಸಿನ್ ತಂದು, ಸೀಟಿನ ಸ್ಪ್ರಿಂಗೂ ಕಾಣದ ಹಾಗೆ ಬಿಗಿಯಾಗಿ ಕವರು ಹೊಲಿದಳು. ಸೈಕಲ್ಲನ್ನು ಸಾಲಿನಲ್ಲಿ ನಿಲ್ಲಿಸುವುದನ್ನೇ ಬಿಟ್ಟಳು. ಒಂದು ದಿನ ಮರದ ಹಿಂದೆ, ಇನ್ನೊಂದು ದಿನ ಗೋಡೆಯ ಸಂದಿಯಲ್ಲಿ. ಹೊಲಿಗೆ ಯಂತ್ರದ ಮುಂದೆ ಕುಳಿತರೂ ಜೀವವೆಲ್ಲ ಕ್ರಾಸಿನಲ್ಲೇ. ಸೂಜಿ ಎರಡು ಸಲ ಬೆರಳಿಗಿಳಿಯಿತು. ಮಧ್ಯಾಹ್ನ ಓಂಕಾರನಿಗೆ ಫೋನು ಹೋಗುತ್ತಿತ್ತು.

“ಅಣ್ಣಾ, ನನ್ನ ಸೈಕಲ್ ಹತ್ರ ಯಾರರ ಬಂದಿದ್ರೇನ್ರಿ?”

“ಇಲ್ಲವ್ವಾ ತಾಯಿ! ದಿನಾ ಇದನ್ನ ಕೇಳ್ತಿ. ಬಾಜೂ ಅಂಗಡ್ಯಾಗ ಕೊಟ್ಟು ನಟ್ಟಿಗೆ ವೆಲ್ಡಿಂಗ್ ಮಾಡಿಸಿಬಿಡು. ಕವರ್ ಬಿಚ್ಚಿ ಕೊಟ್ರ ಐದು ನಿಮಿಷದ ಕೆಲಸ.”

“ಬ್ಯಾಡ್ರಿ, ಬ್ಯಾಡ. ನಾ ಗೋಕಾಕದಾಗ ಮಾಡಿಸ್ತೇನಿ.”

ಮಾಡಿಸಲಿಲ್ಲ.

ಅಲ್ಲಪ್ಪ ಕಾಕಾ ಹೊಸ ಸೀಟು ಹಾಕಿಸಿರಲಿಲ್ಲ. “ಮೊದಲ ಕಳ್ಳ ಸಿಗಲಿ. ಈಗ ಹಾಕಿದ್ರ ಅವಗ ಇನ್ನೊಂದು ಕೊಟ್ಟಂಗ,” ಎಂದು ಹಟ ಹಿಡಿದಿದ್ದರು. ಸೈಕಲ್ಲಿನ ಹ್ಯಾಂಡಲ್ಲನ್ನೇ ಊರುಗೋಲು ಮಾಡಿಕೊಂಡು, ಒಂದು ಕಾಲೆಳೆಯುತ್ತ ಮನೆಯ ತನಕ ನೂಕಿಕೊಂಡು ಹೋಗುವರು. ಸಪ್ನಾಳ ಮನೆ ಅದೇ ದಾರಿಯಲ್ಲಿ, ಇನ್ನೂ ಮುಂದೆ. ಮೊದಲೆಲ್ಲ ಇಬ್ಬರೂ ಮಾತಾಡುತ್ತ ಜೊತೆಗೇ ಸೈಕಲ್ ತುಳಿಯುತ್ತಿದ್ದರು. ಈಗ ಅವಳು ಆ ಕಾಲಿನ ಕಡೆ ನೋಡದೆ ಜೋರಾಗಿ ತುಳಿದು ದಾಟಿಬಿಡುತ್ತಿದ್ದಳು.

ಇವತ್ತು ದಾಟಲಾಗಲಿಲ್ಲ. ಕಾಕಾ ಚೀಲದಿಂದ ಒಂದು ಸರಪಳಿ, ಬೀಗ ತೆಗೆದರು.

“ನಂದಂತೂ ಹೋತು. ನಿಂದರ ಉಳೀಲಿ. ತಡಿ, ನಾನ ಹಾಕಿ ಕೊಡ್ತೇನಿ.”

ಅವರ ಬೆರಳು ಕವರಿನ ಅಂಚಿನೊಳಗೆ ಹೋಗುವಷ್ಟರಲ್ಲಿ ಸಪ್ನಾ ಸರಪಳಿ ಕಸಿದುಕೊಂಡಳು.

“ಬಿಡ್ರಿ ಕಾಕಾ. ನಾನ ಹಾಕ್ಕೋತೇನಿ.”

ಆ ರಾತ್ರಿ ಮನೆಯಲ್ಲಿ ಸರಪಳಿಯನ್ನು ತಾನೇ ಸೀಟಿಗೆ ಬಿಗಿದು ಬೀಗ ಹಾಕಿದಳು.

ಮೂರನೆಯ ದಿನ ಸಂಜೆ ಬಸ್ಸಿಳಿದಾಗ ಮರದ ಕೆಳಗೆ ಜನ ಮುತ್ತಿಕೊಂಡಿದ್ದರು. ನಡುವೆ ಗುಜರಿ ಗಜಾನನ. ಮೂಡಲಗಿ ಕಡೆಯಿಂದ ಹಳೆ ಸಾಮಾನು ಕೊಳ್ಳಲು ಬರುವವನು. ಅವನ ಕೊರಳಪಟ್ಟಿ ಓಂಕಾರನ ಮುಷ್ಟಿಯಲ್ಲಿತ್ತು. ಬಿಚ್ಚಿದ ಗೋಣಿಚೀಲದಿಂದ ಒಂದು ಸೈಕಲ್ ಸೀಟು ಹೊರಗೆ ಬಿದ್ದಿತ್ತು.

“ಮೂಡಲಗ್ಯಾಗ ತೂಕಕ್ಕ ತಗೊಂಡೇನ್ರಿ! ದೇವರಾಣಿ ಮಾಡಿ ಹೇಳ್ತೇನಿ,” ಎಂದ ಗಜಾನನ. ತುಟಿ ಒಡೆದು ರಕ್ತ ಬರುತ್ತಿತ್ತು. ಕಿಸೆಯಲ್ಲಿ ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ತೆಗೆಯಲು ಯಾರೂ ಬಿಡಲಿಲ್ಲ.

ಅಲ್ಲಪ್ಪ ಕಾಕಾ ಸೀಟು ಹಿಡಿದು ತಿರುವಿ ನೋಡಿದರು. “ಇದು ನಂದಲ್ಲಪಾ.”

“ನಂದೂ ಅಲ್ಲ. ನಮ್ಮವೆಲ್ಲ ಮಾರ್ಕೊಂಡು ತಿಂದಿರ್ತಾನ ಬಿಡ್ರಿ,” ಎಂದ ಓಂಕಾರ. ಯಾರೋ ಹಗ್ಗ ತಂದರು. ಮರಕ್ಕೆ ಕಟ್ಟುವ ಮಾತು ಎದ್ದಿತು. ಆಗ ಓಂಕಾರನ ಕಣ್ಣು ಸಪ್ನಾಳ ಮೇಲೆ ಬಿತ್ತು.

“ಸಪ್ನಾ ಬಂದ್ಳು ನೋಡ್ರಿ. ಸೀಟಿನ ಮ್ಯಾಲ ಆಕಿ ಕಣ್ಣಿಟ್ಟಂಗ ಯಾರೂ ಇಟ್ಟಿಲ್ಲ. ಹೇಳವ್ವಾ, ಕಾಕಾನ ಸೀಟ ಬಿಚ್ಚಿದಾಂವ ಇಂವನ ಹೌದಲ್ಲ?”

ಎಲ್ಲರೂ ಇತ್ತ ತಿರುಗಿದರು. ಹೌದು ಎಂದರೆ ಮುಗಿಯುತ್ತಿತ್ತು. ಗಜಾನನ ಕೈ ಮುಗಿಯಲೂ ಆಗದೆ ಅವಳ ಮುಖವನ್ನೇ ನೋಡುತ್ತಿದ್ದ.

“ಇಂವ ಅಲ್ರಿ,” ಎಂದಳು ಸಪ್ನಾ.

“ಮತ್ಯಾರು? ನಿನಗ ಗೊತ್ತೈತೇನು?”

“ಗೊತ್ತೈತ್ರಿ.”

“ಅಂಜಬ್ಯಾಡ. ನಾವೆಲ್ಲಾ ಅದೀವಿ. ಹೆಸರ ಹೇಳು.”

ಸಪ್ನಾ ತನ್ನ ಸೈಕಲ್ಲಿನ ಹತ್ತಿರ ಹೋಗಿ ಸರಪಳಿಯ ಬೀಗ ತೆಗೆದಳು. ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಪಾನಾ ತಂದು ನಟ್ಟು ಸಡಿಲಿಸಿದಳು. ಪಾನಾ ಎರಡು ಸಲ ಜಾರಿತು. ಸೀಟು ಕಿತ್ತುಕೊಂಡು ಬಂದು ಅಲ್ಲಪ್ಪ ಕಾಕಾನ ಕೈಯಲ್ಲಿಟ್ಟಳು.

“ಹುಚ್ಚಿ, ನನಗ್ಯಾಕ?” ಕಾಕಾನ ಕಣ್ಣು ತುಂಬಿ ಬಂತು. “ನನ್ನ ಕಾಲು ನೋಡಿ ಮರಗಿದೇನು? ಇಷ್ಟು ಜ್ವಾಕಿ ಮಾಡಿ ಕಾದೀದಿ, ನಿಂದು ನೀ ಇಟ್ಕೋ.”

“ನಂದು ಕಳವಾಗಿದ್ದು ಖರೆ ಐತ್ರಿ ಕಾಕಾ,” ಎಂದಳು ಸಪ್ನಾ. “ಮರುದಿನ ನಿಮ್ಮದನ್ನ ಬಿಚ್ಚಿದಾಕಿ ನಾನ.”